ಟವೆಲ್ಲಿನ ಕೆಳಗಿನ ಬೆಲೆ

ನನ್ನ ಗಂಡ ನನ್ನ ಮೇಲೆ ಕೈ ಎತ್ತಿದ್ದು ಒಂದೇ ಸಲ, ಅದೂ ಒಂದು ಹೋರಿಯ ಸಲುವಾಗಿ. ನಾನು ಸುಮ್ಮನೆ ಏಟು ತಿನ್ನುವವಳಲ್ಲ, ತಿರುಗಿ ಹೊಡೆದೆ. ಅವನು ಹೊಡೆದದ್ದು ಬರಿಗೈಯಲ್ಲಿ, ನಾನು ಹೊಡೆದದ್ದು ಬಾರುಕೋಲಿನಲ್ಲಿ. ಈಗಲೂ ಅವನ ಎಡ ಮುಂಗೈ ಮೇಲೆ ಒಂದು ಗೆರೆ ಉಳಿದಿದೆ. ಯಾರಾದರೂ ಕೇಳಿದರೆ ತಂತಿಬೇಲಿ ಗೀಚಿತು ಅನ್ನುತ್ತಾನೆ. ಬರೆಯುವಾಗ ಧೈರ್ಯವಾಗಿ ‘ಅವನು’ ಅನ್ನುತ್ತಿದ್ದೇನೆ, ಎದುರಿಗೆ ‘ರೀ’ ಅಂತಲೇ ಕರೆಯುವುದು.

ನಾನು ಚಿಕ್ಕೇರೂರಿನ ಮಗಳು, ಹಾನಗಲ್ಲ ಸೀಮೆಯ ಒಂದು ಹಳ್ಳಿಯ ಸೊಸೆ. ಎರಡೂ ಕಡೆ ಹೋರಿಯ ಹುಚ್ಚು ಒಂದೇ. ದೀಪಾವಳಿ ಮುಗಿದದ್ದೇ ತಡ, ಊರೂರಿನಲ್ಲಿ ಹೋರಿ ಬೆದರಿಸುವ ಸ್ಪರ್ಧೆ ಶುರುವಾಗುತ್ತದೆ. ಹೋರಿಯ ಕೊರಳಿಗೆ, ಮೈಗೆ ಒಣಕೊಬ್ಬರಿಯ ಸರ ಕಟ್ಟಿ, ಕೋಡಿಗೆ ರಿಬ್ಬನ್ನು, ಬಲೂನು ಏರಿಸಿ, ಎರಡೂ ಬದಿಗೆ ಜನ ಕಿಕ್ಕಿರಿದ ದಾರಿಯಲ್ಲಿ ಓಡಿಸುತ್ತಾರೆ. ಹರೆಯದವರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ. ಹರಿಯಗೊಡದೆ ಪಾರಾದರೆ ಹೋರಿ ಗೆದ್ದಂತೆ. ಯಾರದೋ ಪಕ್ಕೆಲುಬು ಮುರಿಯುತ್ತದೆ, ಯಾರದೋ ತೊಡೆಗೆ ಕೋಡು ಹೋಗುತ್ತದೆ, ಮೈಕಿನವನು ಮಾತ್ರ ಹೋರಿಯ ಹೆಸರು ಕೂಗುತ್ತಲೇ ಇರುತ್ತಾನೆ. ನಮ್ಮ ಹೋರಿಯನ್ನು ಕರುವಿದ್ದಾಗ ತಡಸದ ಕಡೆಯಿಂದ ತಂದದ್ದು, ನನ್ನ ತವರಿನ ಬಂಗಾರದ ಪಾಟ್ಲಿ ಬಳೆ ಮಾರಿ. ಹುರುಳಿ ಕುದಿಸಿ ಹಾಕಿದವಳು, ಹಿಟ್ಟಿಗೆ ಬೆಲ್ಲ ಕಲಸಿ ತಿನ್ನಿಸಿದವಳು ನಾನು. ಹೆಸರು ಬಂದದ್ದು ಅವನಿಗೆ.

ಆ ದಿನ ನಮ್ಮ ಹೋರಿ ಅರ್ಧ ದಾರಿಯಲ್ಲೇ ಸಿಕ್ಕಿಬಿತ್ತು. ಟೆಂಪೋದಿಂದ ಇಳಿಸುವಾಗ ಅದರ ಮೂಗಿನಿಂದ ರಕ್ತ ಸೋರುತ್ತಿತ್ತು, ಕೊರಳಲ್ಲಿ ಹರಿದ ದಾರ ಬಿಟ್ಟರೆ ಏನೂ ಇರಲಿಲ್ಲ. ನನ್ನ ಗಂಡ ಯಾರ ಮುಖವನ್ನೂ ನೋಡದೆ ಒಳಗೆ ಬಂದ. ಅತ್ತೆ ಬಾಗಿಲಲ್ಲೇ ಕಾದು ನಿಂತಿದ್ದರು.

“ಮುಂಜಾನೆ ಇಕಿ ಕೊಟಗಿಗಿ ಹೋಗಿ ಹೋರಿ ಮುಟ್ಯಾಳಪಾ. ಸೀರಿ ಮ್ಯಾಲ ಕಲಿ ಇದ್ದದ್ದು ನಾ ಕಣ್ಣಾರೆ ಕಂಡೇನಿ,” ಅಂದರು.

ಅದು ನಿಜ. ಹುರುಳಿಯ ಬುಟ್ಟಿ ಇಡಲು ಬಗ್ಗಿದಾಗಲೇ ಹರಿಯಲು ಶುರುವಾಗಿತ್ತು. ನನ್ನ ಮುಟ್ಟಿಗೆ ಹೊತ್ತು ಗೊತ್ತು ಏನೂ ಇರಲಿಲ್ಲ, ಬೇಕಾದಾಗ ಬರುತ್ತಿತ್ತು, ಬಂದರೆ ಹೋಗುತ್ತಿರಲಿಲ್ಲ.

“ಹೌದನು?” ಅಂತ ಕೇಳಿದ.

“ಹೌದು. ಏನೀಗ?” ಅಂದೆ. ಆಗ ಕೆನ್ನೆಗೆ ಬಿತ್ತು.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಮನೆತನದಲ್ಲಿ ಮುಟ್ಟಿನ ಮೈಲಿಗೆ ಇಲ್ಲ. ಕೊರಳಲ್ಲಿ ಲಿಂಗ ಇದ್ದವರಿಗೆ ಸೂತಕ ಎಲ್ಲಿಯದು ಅಂತ ನಮ್ಮ ಮಾವ ಬದುಕಿದ್ದಾಗ ಎದೆಯುಬ್ಬಿಸಿ ಹೇಳುತ್ತಿದ್ದರು. ಆ ಮಾತಿನ ಮೇಲೆ ನನಗೂ ಅಭಿಮಾನವಿದೆ. ಆದರೆ ಅದರ ಫಲ ಏನಾಯಿತೆಂದರೆ, ಪಕ್ಕದ ಮನೆಯ ಹೆಂಗಸು ಮುಟ್ಟಾದಾಗ ಹೊರಗೆ ಕೂತು ಬೆನ್ನು ನೆಲಕ್ಕೆ ಹಚ್ಚುತ್ತಿದ್ದಳು, ನಾನು ಅದೇ ದಿನ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ನಮ್ಮಲ್ಲಿ ಮುಟ್ಟು ಎಂಬುದೇ ಇಲ್ಲ, ಇಲ್ಲದ ಮುಟ್ಟಿಗೆ ನೋವು ಎಲ್ಲಿಂದ ಬರಬೇಕು? ಆ ದಿನಗಳಲ್ಲಿ ದೇವರ ಕೋಣೆಗೆ ಹೋಗಬಹುದಿತ್ತು, ಲಿಂಗಪೂಜೆ ಮಾಡಬಹುದಿತ್ತು. ಹೋರಿಯ ಹತ್ತಿರ ಮಾತ್ರ ಹೋಗಬಾರದು, ಅದೂ ಸ್ಪರ್ಧೆಯ ದಿನ. ಶಿವನಿಗಿಲ್ಲದ ಮಡಿ ಅವನ ನಂದಿಗೆ ಎಲ್ಲಿಂದ ಬಂತು ಅಂತ ನಾನು ಒಮ್ಮೆ ಕೇಳಿದ್ದೆ. ಬಾಯಿ ಭಾಳ ಆತು ನಿಂದು ಅಂದಿದ್ದರು ಅತ್ತೆ.

ಬಾರುಕೋಲು ಗೋಡೆಗೆ ಆನಿಸಿ ಇಟ್ಟದ್ದಿತ್ತು. ನನ್ನ ಕೈ ಅದನ್ನು ಹುಡುಕಿದ್ದು ನನಗೇ ತಿಳಿಯಲಿಲ್ಲ. ಅವನ ತಲೆಗೇ ಬೀಸಿದೆ, ಅವನು ಕೈ ಅಡ್ಡ ತಂದ, ಚರ್ಮ ಸೀಳಿತು. ಅತ್ತೆ ಚೀರಿದರು. ಇನ್ನೊಂದು ಏಟಿಗೆ ಕೈ ಎತ್ತಿದಾಗ ಹೊಟ್ಟೆಯೊಳಗೆ ಯಾರೋ ಕುಡುಗೋಲು ಹಾಕಿ ತಿರುವಿದಂತಾಯಿತು. ಬಾರುಕೋಲು ಬಿತ್ತು, ಅದರ ಮೇಲೆ ನಾನು ಬಿದ್ದೆ. ಹೊಡೆಯಲು ಬಂದವನೇ ನನ್ನನ್ನು ಎತ್ತಿಕೊಂಡು ಓಡಿದ.

ಈ ನೋವಿನ ಜೊತೆ ನಾನು ಹುಡುಗಿಯಿದ್ದಾಗಿನಿಂದ ಗುದ್ದಾಡಿದವಳು. ನೆಲಕ್ಕೆ ಹಣೆ ಹಚ್ಚಿ, ಕೌದಿಯ ಅಂಚು ಹಲ್ಲಿನಲ್ಲಿ ಕಚ್ಚಿ ಹರಿದಿದ್ದೇನೆ. ಒಮ್ಮೆ ನೋವು ತಾಳದೆ ಕಾದ ರೊಟ್ಟಿಹಂಚನ್ನು ಎತ್ತಿ ಅಂಗಳಕ್ಕೆ ಎಸೆದಿದ್ದೆ, ಕೈ ಸುಟ್ಟದ್ದು ಆಮೇಲೆ ಗೊತ್ತಾಯಿತು. ಚಿಕ್ಕೇರೂರಿನಲ್ಲಿದ್ದಾಗ ನಮ್ಮವ್ವ ನನ್ನನ್ನು ಹಂಸಭಾವಿಯ ಆಚೆ ಬರೆ ಹಾಕುವ ಒಬ್ಬ ಮುದುಕನ ಹತ್ತಿರ ಕರೆದುಕೊಂಡು ಹೋಗಿದ್ದಳು. ಕಬ್ಬಿಣದ ಸಲಾಕೆಯನ್ನು ಕೆಂಪಗೆ ಕಾಸಿ ಹೊಕ್ಕಳ ಕೆಳಗೆ ಎಳೆದ. ಅವ್ವ ನನ್ನ ಕಾಲು ಒತ್ತಿ ಹಿಡಿದಿದ್ದಳು. ನಾನು ಅವಳ ಮುಖಕ್ಕೆ ಒದ್ದೆ, ಅವಳ ತುಟಿ ಒಡೆಯಿತು. ಆದರೂ ಕಾಲು ಬಿಡಲಿಲ್ಲ. ದಾರಿಯುದ್ದಕ್ಕೂ ಅತ್ತವಳು ಅವಳೇ. ಮುಂದಿನ ತಿಂಗಳು ನೋವು ಮತ್ತೆ ಬಂತು, ಈಗ ಸುಟ್ಟ ಚರ್ಮದ ಕೆಳಗಿನಿಂದ ಬಂತು. ಪ್ರೀತಿ ಇದ್ದವರು ಹೊಡೆಯುವ ಏಟಿಗೆ ತಿರುಗಿ ಹೊಡೆಯಲೂ ಆಗುವುದಿಲ್ಲ, ಅದೇ ಸಿಟ್ಟು ನನಗೆ.

ಅತ್ತೆಯ ತವರು ಶಿಗ್ಗಾಂವಿ. ಮೊದಲು ಅವರ ಪರಿಚಯದ ಅಲ್ಲಿಯ ಡಾಕ್ಟರ ಹತ್ತಿರ ಹೋದೆವು. ಅವರು ಹೊಟ್ಟೆ ಒತ್ತಿ ನೋಡಿ, ಮಗಳು ಒಬ್ಬಳಿದ್ದಾಳೆ ಅಂತ ಕೇಳಿ ತಿಳಿದು, ಗರ್ಭಚೀಲ ತೆಗೆಸಿಬಿಡಿ ಅಂದರು. ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಆಗುತ್ತದೆ ಅಂತಲೂ ಹೇಳಿದರು. ಅತ್ತೆಯ ಮುಖ ಅರಳಿತು.

“ಒಂದ ಕೂಸು ಆಗೇತಿ. ಇನ್ನ ಆ ಚೀಲ ಇಟಗೊಂಡು ಜ್ವಾಳಾ ತುಂಬತೀಯನು?” ಅಂದರು.

ಅವರದ್ದು ಕೆಟ್ಟ ಮನಸ್ಸಲ್ಲ. ಅವರ ಓರಗೆಯ ಹೆಂಗಸರಲ್ಲಿ ಚೀಲ ಉಳಿದವರೇ ಕಡಿಮೆ, ಹಲ್ಲು ಕೀಳಿಸಿದಷ್ಟು ಸಲೀಸಾಗಿ ಮಾತಾಡುತ್ತಾರೆ. ನಾನೂ ಒಪ್ಪಿಕೊಂಡೇ ಬಿಡುತ್ತಿದ್ದೆ. ಆದರೆ ನನ್ನ ಗಂಡ, ಮುಂಗೈಗೆ ಪಟ್ಟಿ ಸುತ್ತಿಕೊಂಡವನು, ಹುಬ್ಬಳ್ಳಿಯಲ್ಲಿ ಒಮ್ಮೆ ತೋರಿಸಿ ನೋಡೋಣ ಅಂದ. ಹೊಡೆದ ಕೈಗೆ ಪ್ರಾಯಶ್ಚಿತ್ತ ಬೇಕಿತ್ತೇನೋ.

ಹುಬ್ಬಳ್ಳಿಯ ಖಾಸಗಿ ದವಾಖಾನೆಯ ಡಾಕ್ಟರು ಹೆಂಗಸು. ಸ್ಕ್ಯಾನ್ ಮಾಡಿಸಿ, ಚಿತ್ರ ಬರೆದು ತೋರಿಸಿದರು. ಗರ್ಭಚೀಲದ ಒಳಗೆ ಇರಬೇಕಾದ ಪದರ ನನ್ನಲ್ಲಿ ಹೊರಗೂ ಬೆಳೆದಿದೆ. ಚೀಲದೊಳಗಿನದು ತಿಂಗಳಿಗೊಮ್ಮೆ ರಕ್ತ ಸುರಿಸಿದಾಗ ಹೊರಗಿನದೂ ಸುರಿಸುತ್ತದೆ, ಆದರೆ ಆ ರಕ್ತಕ್ಕೆ ಹೋಗಲು ದಾರಿಯಿಲ್ಲ. ಅದು ಅಲ್ಲೇ ಹೆಪ್ಪುಗಟ್ಟಿ, ಅಂಟಾಗಿ, ಅಂಡಾಶಯ, ಕರುಳು, ಚೀಲ ಎಲ್ಲವನ್ನೂ ಒಂದಕ್ಕೊಂದು ಹಚ್ಚಿಬಿಟ್ಟಿದೆ. ಅಂಡಾಶಯದಲ್ಲಿ ಒಂದು ಚಾಕ್ಲೇಟ್ ಗಡ್ಡೆ ಇದೆ ಅಂದರು. ನನ್ನ ಗಂಡ ಹೌಹಾರಿ, “ಚಾಕ್ಲೇಟಾ? ಇಕಿ ಬೆಲ್ಲಾ ಸುದ್ದೆ ತಿನ್ನಂಗಿಲ್ರಿ,” ಅಂದ. ಹಳೇ ರಕ್ತದ ಬಣ್ಣಕ್ಕೆ ಹಾಗೆ ಅನ್ನುತ್ತೇವೆ ಅಂತ ಡಾಕ್ಟರು ನಗದೆ ಹೇಳಿದರು.

“ಬರೇ ಚೀಲ ತಗದ್ರ ಹೊರಗಿನ ರೋಗ ಹೊರಗೇ ಉಳೀತೈತ್ರಿ. ದುರ್ಬೀನು ಹಾಕಿ, ಅಂಟಿದ್ದನ್ನ ಒಂದೊಂದ ಬಿಡಿಸಿ, ಗಂಟು ತಗೀಬೇಕು. ಭಾಳ ಹೊತ್ತು ಹಿಡಿತೈತಿ, ಖರ್ಚೂ ಐತಿ. ನೂರಕ್ಕ ನೂರ ವಾಸಿ ಆಗ್ತೈತಿ ಅಂತ ನಾ ಹೇಳಂಗಿಲ್ಲ.”

ಖರ್ಚು ಎರಡೂವರೆ ಲಕ್ಷ. ನಾನು ಆ ಬಾಯಿಂದ ವಾಸಿಯಾಗುತ್ತದೆ ಎಂಬ ಒಂದು ಮಾತಿಗೆ ಕಾದು ಕೂತಿದ್ದೆ. ಅದು ಬರಲಿಲ್ಲ. ಆದರೆ ನನ್ನ ನೋವಿಗೆ ಒಂದು ಹೆಸರಿದೆ, ಅದು ನನ್ನ ಸೋಗಲ್ಲ, ನನ್ನ ಸಿಟ್ಟಲ್ಲ ಅಂತ ಮೊದಲ ಸಲ ಒಬ್ಬರು ಚಿತ್ರ ಬರೆದು ತೋರಿಸಿದ್ದರು. ಬಸ್ಸಿನಲ್ಲಿ ಕೂತು ತಡಸ ಬರುವವರೆಗೂ ಅಳುತ್ತಲೇ ಇದ್ದೆ. ಯಾರನ್ನಾದರೂ ಹೊಡೆಯಬೇಕು ಅನ್ನಿಸುತ್ತಿತ್ತು. ಬರೆ ಹಾಕಿದ ಮುದುಕ ಎಂದೋ ಸತ್ತಿದ್ದ.

ಹೊಲ ಅಣ್ಣ ತಮ್ಮಂದಿರಲ್ಲಿ ಇನ್ನೂ ಪಾಲಾಗಿಲ್ಲ. ಬಂಗಾರ ಹೋರಿಯಾಗಿತ್ತು. ಮನೆಯಲ್ಲಿ ಅಷ್ಟು ಬೆಲೆ ಬಾಳುವುದು ಎರಡೇ, ಒಂದು ಹೋರಿ, ಇನ್ನೊಂದು ನಾನು, ಮತ್ತು ನನ್ನನ್ನು ಯಾರೂ ಕೊಳ್ಳುವುದಿಲ್ಲ. ಮನೆಗೆ ಬಂದವನೇ ನನ್ನ ಗಂಡ ತನ್ನ ತಾಯಿಯ ಮುಂದೆ ನಿಂತು, “ಯವ್ವಾ, ಹೋರಿ ಮಾರ್ತೇನಿ. ಇಕೀದು ಹುಬ್ಬಳ್ಳ್ಯಾಗ ಮಾಡಸೂದ,” ಅಂದ. ಅತ್ತೆ ನೀರಿನ ಚರಿಗೆಯನ್ನು ಗೋಡೆಗೆ ಬೀಸಿ ಒಗೆದರು. “ಪುಕ್ಕಟ ಆಗೂದ ಬಿಟ್ಟು ಹೋರಿ ಮಾರ್ತಾನಂತ! ಗ್ಯಾರಂಟಿ ಏನೈತಿ?” ಅಂತ ಕೂಗಿದರು. ಗ್ಯಾರಂಟಿ ಇಲ್ಲ ಅಂತ ನನಗೂ ಗೊತ್ತಿತ್ತು. ಆದರೂ ಅವನು ಹಾಗೆ ಹೇಳಿದಾಗ ಕೆನ್ನೆಯ ಏಟು ಅರ್ಧ ಮರೆತೆ.

ಈಗ ದನದ ವ್ಯಾಪಾರದ ರೀತಿ ಹೇಳಬೇಕು. ನಮ್ಮ ಕಡೆ ದನದ ಬೆಲೆಯನ್ನು ಬಾಯಿಬಿಟ್ಟು ಆಡುವುದಿಲ್ಲ. ಕೊಡುವವನು, ಕೊಳ್ಳುವವನು ಕೈ ಕೈ ಹಿಡಿಯುತ್ತಾರೆ, ಮೇಲೆ ಒಂದು ಟವೆಲ್ ಹಾಕುತ್ತಾರೆ. ಒಳಗೆ ಬೆರಳು ಹಿಡಿದೇ ಮಾತು. ಹಿಡಿದ ಬೆರಳಿನಷ್ಟು ಲಕ್ಷ, ಬೆರಳಿನ ನಡು ಗೆಣ್ಣು ಒತ್ತಿದರೆ ಅರ್ಧ. ಸುತ್ತ ನಿಂತವರಿಗೆ ಕಾಣುವುದು ಟವೆಲ್ ಮಿಸುಕುವುದು, ಇಬ್ಬರ ಮುಖ, ಅಷ್ಟೇ. ಒಪ್ಪಿಗೆಯಾದರೆ ಕೈ ಕುಲುಕಿ ಟವೆಲ್ ಕೊಡವುತ್ತಾರೆ, ಇಲ್ಲದಿದ್ದರೆ ಸುಮ್ಮನೆ ಹೆಗಲಿಗೆ ಹಾಕಿಕೊಂಡು ಏಳುತ್ತಾರೆ. ಎಷ್ಟಕ್ಕೆ ಕುದುರಿತು ಎಂದು ಯಾರೂ ಕೇಳುವಂತಿಲ್ಲ. ಹೆಂಗಸರಂತೂ ಆ ಟವೆಲ್ಲಿನ ಹತ್ತಿರವೂ ಸುಳಿಯುವಂತಿಲ್ಲ.

ಮೊದಲು ಹಿರೇಕೆರೂರಿನಿಂದ ಒಬ್ಬರು ಬಂದರು. ಹೋರಿಯ ಸುಳಿ, ಗೊರಸು, ಹಲ್ಲು ಎಲ್ಲ ನೋಡಿ ತಲೆದೂಗಿದರು. ಟವೆಲ್ ಹಾಕಿ ಕೂತರು, ಸ್ವಲ್ಪ ಹೊತ್ತಿಗೆ ಎದ್ದು ಹೋದರು. ಶಿಗ್ಗಾಂವಿಯ ಕಡೆಯವರು ಬಂದರು, ಅವರೂ ಹಾಗೆಯೇ ಹೋದರು. ಪ್ರತಿ ಸಲ ನನ್ನ ಗಂಡ ಒಳಗೆ ಬಂದು, “ಗಿರಾಕಿ ಸರಿ ಇಲ್ಲ,” ಅಂತಿದ್ದ. ಅತ್ತೆ ನನ್ನ ಕಡೆ ನೋಡಿ, “ಮುಟ್ಟಾದಾಕಿ ಮುಟ್ಟಿದ ಹೋರಿ. ಯಾರ ತಗೋತಾರ?” ಅಂತಿದ್ದರು.

ನಾನು ನಂಬಿದೆ. ನಾಚಿಕೆಯ ಮಾತು, ಆದರೆ ನಂಬಿದೆ. ನನ್ನ ರಕ್ತದಿಂದಲೇ ಹೋರಿಯ ಬೆಲೆ ಬಿತ್ತು, ನನ್ನ ಹೊಟ್ಟೆಯ ಕಾಸನ್ನು ನನ್ನ ಹೊಟ್ಟೆಯೇ ತಿಂದಿತು ಅಂದುಕೊಂಡೆ. ನಡುವೆ ಮತ್ತೊಮ್ಮೆ ನೋವು ಎದ್ದಿತು. ಆ ಸಲ ಬಚ್ಚಲಿನ ಕಲ್ಲಿಗೆ ತಲೆ ಚಚ್ಚಿಕೊಂಡೆ, ಒಂದು ನೋವಿನಿಂದ ಇನ್ನೊಂದು ಮರೆಯಲಿ ಅಂತ. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎದ್ದು ಮುಖ ತೊಳೆದು ಅತ್ತೆಯ ಹತ್ತಿರ ಹೋಗಿ, “ಶಿಗ್ಗಾಂವಿ ಡಾಕ್ಟರಿಗೆ ಹೇಳ್ರಿ. ಚೀಲ ತಗಸ್ತೇನಿ,” ಅಂದೆ. ಆಪರೇಷನ್ನಿಗೆ ದಿನ ಗೊತ್ತಾಯಿತು. ಸೋತವರಿಗೆ ಬರುವ ಒಂದು ನೆಮ್ಮದಿ ಇರುತ್ತದಲ್ಲ, ಅದು ಬಂದಿತ್ತು.

ಅಷ್ಟರಲ್ಲಿ ಸವಣೂರಿನ ಒಬ್ಬ ದಲಾಲಿ ಬಂದ. ವಯಸ್ಸಾದವನು, ಬಾಯಲ್ಲಿ ಯಾವಾಗಲೂ ಎಲೆ, ದನ ಕಂಡರೆ ಮೊದಲು ಅದರ ಜೊತೆ ಮಾತಾಡಿ ಆಮೇಲೆ ಮಾಲಕರ ಜೊತೆ ಮಾತಾಡುವವನು. ಕಟ್ಟೆಯ ಮೇಲೆ ಟವೆಲ್ ಬಿತ್ತು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ದಲಾಲಿಯ ಹುಬ್ಬು ಮೇಲೇರಿತು. ನಕ್ಕ. ಮತ್ತೆ ಟವೆಲ್ ಮಿಸುಕಿತು. ಕಡೆಗೆ ಕೈ ಬಿಡಿಸಿಕೊಂಡು, ನೀರು ಕುಡಿಯುತ್ತೇನೆ ಅಂತ ಬಾಗಿಲಿಗೆ ಬಂದ. ನನ್ನ ಗಂಡ ಹೋರಿಗೆ ಮೇವು ಹಾಕಲು ಕೊಟ್ಟಿಗೆಗೆ ಹೋಗಿದ್ದ.

ನಾನು ಚಹಾ ಕೊಟ್ಟು ಕೇಳಿದೆ. “ಅಣ್ಣಾರ, ನಮ್ಮ ಹೋರಿದು ಏನ್ರಿ ತಪ್ಪು? ಯಾಕ ಯಾರೂ ತಗೋವಲ್ರು?”

“ಹೋರಿದು ಏನೂ ತಪ್ಪಿಲ್ರಿ ಅಕ್ಕಾರ. ಅಸಲಿ ಮಾಲು.” ಚಹಾ ಬಸಿಗೆ ಸುರಿದುಕೊಂಡು ಒಂದು ಗುಟುಕು ಕುಡಿದ. “ಟವೆಲ್ ಒಳಗಿನ ಮಾತು ಹೊರಗ ಹೇಳಬಾರದ್ರಿ, ಅದು ನಮ್ಮ ಧಂದೆಕ ಹರಾಮ್. ಆದ್ರ ನಿಮ್ಮ ಯಜಮಾನ್ರು ಹಿಡಿಯೋ ಬೆರಳಿಗೆ ಆನಿ ಬರ್ತೈತ್ರಿ.”

ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಹಿರೇಕೆರೂರಿನವರು, ಶಿಗ್ಗಾಂವಿಯವರು, ಎಲ್ಲರೂ ಯಾಕೆ ಎದ್ದು ಹೋದರು ಅಂತ ಒಟ್ಟಿಗೇ ಅರ್ಥವಾಯಿತು. ಊರ ಮುಂದೆ ಹೋರಿ ಮಾರುವ ದೊಡ್ಡ ಮನುಷ್ಯ, ಟವೆಲ್ಲಿನ ಕೆಳಗೆ ಮಾರಾಟವಾಗದ ಹಾಗೆ ನೋಡಿಕೊಳ್ಳುತ್ತಿದ್ದ. ಅವನು ವ್ಯಾಪಾರ ಕೆಡಿಸುತ್ತ ಕೂತ, ನಾನು ಪಾಪ ಹೊತ್ತೆ, ಕಡೆಗೆ ಚೀಲ ತೆಗೆಸಲು ನಾನೇ ಬಾಯಿಬಿಟ್ಟು ಕೇಳಿಕೊಂಡೆ. ಕೈಗೆ ಒನಕೆ ಸಿಕ್ಕಿದ್ದರೆ ಇವತ್ತು ಈ ಕಥೆ ಜೈಲಿನಿಂದ ಬರೆಯಬೇಕಾಗುತ್ತಿತ್ತು.

“ಅಣ್ಣಾರ, ಇನ್ನೊಂದ ಸಲ ಕುಂದ್ರಿ. ಇದೊಂದ ಸಲ,” ಅಂದೆ. ಅವನಿಗೆ ಏನನ್ನಿಸಿತೋ, ಹೋಗಿ ಕಟ್ಟೆಯ ಮೇಲೆ ಕೂತು ನನ್ನ ಗಂಡನನ್ನು ಕರೆದ. ಟವೆಲ್ ಬಿತ್ತು. ಓಣಿಯ ಗಂಡಸರು ಸುತ್ತ ನಿಂತಿದ್ದರು. ಬೆರಳು ಆಡತೊಡಗಿದ್ದು ಕಂಡ ಕೂಡಲೇ ನಾನು ಹೊಸ್ತಿಲು ದಾಟಿ, ಗಂಡಸರ ನಡುವೆ ನುಗ್ಗಿ, ಟವೆಲ್ಲನ್ನು ಕಿತ್ತು ಎಳೆದೆ.

ನಮ್ಮ ಕಡೆ ವ್ಯಾಪಾರದ ಟವೆಲ್ ಎಳೆಯುವುದೆಂದರೆ ಗಂಡಸಿನ ಧೋತರ ಎಳೆದ ಹಾಗೆ. ಯಾರೋ ಹೋ ಅಂದರು. ಎಲ್ಲರ ಕಣ್ಣೂ ಆ ಎರಡು ಕೈಗಳ ಮೇಲೆ. ದಲಾಲಿ ಮೂರು ಬೆರಳು ಚಾಚಿದ್ದ. ನನ್ನ ಗಂಡ ಆ ಮೂರನ್ನು ಬಿಟ್ಟು, ಅವನ ಐದೂ ಬೆರಳನ್ನು ಒಟ್ಟಿಗೇ ಮುಷ್ಟಿಯಲ್ಲಿ ಹಿಡಿದು ಕೂತಿದ್ದ. ಬಿಡಬೇಕು ಅಂತಲೂ ಅವನಿಗೆ ಹೊಳೆಯಲಿಲ್ಲ.

“ಐದು!” ಅಂದೆ. “ಐದು ಕೇಳಾಕತ್ತೀಯಲ್ಲೋ! ಯಾರ ಕೊಡ್ತಾರ ಅಂತ ಕೇಳಾಕತ್ತಿ? ಕೊಡಬಾರದು ಅಂತನ ಕೇಳಾಕತ್ತಿ!” ಮದುವೆಯಾದ ಮೇಲೆ ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು, ಅದೂ ಓಣಿಯ ನಡುವೆ.

“ಒಳಗ ನಡಿ,” ಅಂತ ಹಲ್ಲು ಕಚ್ಚಿ ಅಂದ.

“ಹೋಗೂದಿಲ್ಲ. ಒಳಗ ಹೋಗಿ ಹೋಗಿ ಒಳಗ ಎಲ್ಲಾ ಕೊಳತು ಹೋಗೇತಿ.” ದಲಾಲಿಯ ಕಡೆ ತಿರುಗಿದೆ. “ಅಣ್ಣಾರ, ಹುಬ್ಬಳ್ಳ್ಯಾಗ ನನ್ನ ಹೊಟ್ಟಿಗೆ ಎರಡೂವರಿ ಕೇಳ್ಯಾರ. ಅಷ್ಟ ಕೊಡ್ರಿ. ಹೋರಿ ಹೊಡಕೊಂಡ ಹೋಗ್ರಿ.”

ಆಡಿದ ಮಾತು, ಒಡೆದ ಮುತ್ತು. ಮೂರು ಬೆರಳು ಚಾಚಿದ್ದು ನನ್ನ ಕಣ್ಣಮುಂದೆಯೇ ಇತ್ತು, ಆದರೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಸಂಖ್ಯೆ. ದಲಾಲಿ ವ್ಯಾಪಾರಸ್ಥ, ಕಣ್ಣು ಮಿಟುಕಿಸುವುದರೊಳಗೆ ನನ್ನ ಅಂಗೈಗೆ ತನ್ನ ಅಂಗೈ ಬಡಿದ. ಹೆಂಗಸಿನ ಕೈ ಹಿಡಿದು ಮಾಡಿದ ವ್ಯಾಪಾರ ತನ್ನ ಜೀವಮಾನದಲ್ಲಿ ಇದೇ ಅಂತ ಆಮೇಲೆ ಹೇಳಿದನಂತೆ. ಒಂದು ಸಿಟ್ಟಿಗೆ ಐವತ್ತು ಸಾವಿರ ಹೋಯಿತು ಅಂತ ಅತ್ತೆ ಈಗಲೂ ಹಂಗಿಸುತ್ತಾರೆ. ಅವರ ಲೆಕ್ಕ ಸರಿಯಾಗಿಯೇ ಇದೆ.

ಹೋರಿ ಟೆಂಪೋ ಹತ್ತಲು ಒಪ್ಪಲಿಲ್ಲ. ಹಗ್ಗ ಹಿಡಿದ ಇಬ್ಬರನ್ನು ಎಳೆದಾಡಿತು, ಒಬ್ಬನ ಅಂಗಿ ಕೋಡಿಗೆ ಸಿಕ್ಕಿ ಸೀಳಿತು, ಹಲಗೆಗೆ ಒದ್ದ ಸದ್ದು ಊರಿಗೆಲ್ಲ ಕೇಳಿತು. ನನ್ನ ಗಂಡ ಹತ್ತಿರ ಹೋಗಲಿಲ್ಲ. ಬೆನ್ನು ತಿರುಗಿಸಿ ಕಟ್ಟೆಯ ಮೇಲೆ ಕೂತಿದ್ದ. ಟೆಂಪೋ ತಿರುವು ದಾಟಿದ ಮೇಲೆ ಎದ್ದು ಒಳಗೆ ಬಂದು, ಗೂಡಿನಲ್ಲಿದ್ದ ಬಹುಮಾನದ ಕಪ್ಪುಗಳನ್ನು ಒಂದೊಂದಾಗಿ ಎತ್ತಿ ಅಂಗಳದ ಕಲ್ಲಿಗೆ ಅಪ್ಪಳಿಸಿದ. ನಾನು ತಡೆಯಲಿಲ್ಲ. ನನ್ನ ಕೈಗೆ ಹತ್ತಿರವಿದ್ದ ಒಂದನ್ನು ಎತ್ತಿ ಅವನಿಗೆ ಕೊಟ್ಟೆ, ಅದನ್ನೂ ಒಡೆದ. ಆಮೇಲೆ ಇಬ್ಬರೂ ಮಾತು ಬಿಟ್ಟೆವು.

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಚೀಲ ಉಳಿದಿದೆ, ಗಡ್ಡೆ ಹೋಗಿದೆ, ಅಂಟಿದ್ದನ್ನು ಬಿಡಿಸಿದ್ದಾರೆ. ಕರುಳಿನ ಹತ್ತಿರದ ಒಂದು ತುಣುಕನ್ನು ಮುಟ್ಟಿದರೆ ಅಪಾಯ ಅಂತ ಡಾಕ್ಟರು ಬಿಟ್ಟಿದ್ದಾರೆ. ಮೊದಲಿನ ಹಾಗೆ ನೆಲ ಕಚ್ಚುವುದಿಲ್ಲ. ಆದರೂ ಕೆಲವು ತಿಂಗಳು ನೋವು ಬಂದು, ನಾನಿನ್ನೂ ಇದ್ದೇನೆ ಅಂತ ಒಂದು ಗುದ್ದು ಕೊಟ್ಟು ಹೋಗುತ್ತದೆ. ಓಣಿಯ ಹೆಂಗಸರು ಗುಟ್ಟಾಗಿ ಬಂದು, ಅಷ್ಟು ರೊಕ್ಕ ಹಾಕಿದ್ದು ಸಾರ್ಥಕವಾಯಿತೇ ಅಂತ ಕೇಳುತ್ತಾರೆ. ನಿಮ್ಮ ಹೊಟ್ಟೆಯದು ನನಗೆ ಗೊತ್ತಿಲ್ಲ, ಬೆಲೆಯನ್ನು ಮಾತ್ರ ಟವೆಲ್ಲಿನ ಕೆಳಗೆ ಬಿಡಬೇಡಿ, ನಾಲ್ಕು ಜನರ ಮುಂದೆ ಗಟ್ಟಿಯಾಗಿ ಕೇಳಿ ಅನ್ನುತ್ತೇನೆ. ನನ್ನ ಮಟ್ಟಿಗೆ ಮತ್ತೆ ಮಾರುವ ಸಂದರ್ಭ ಬಂದರೆ ಮತ್ತೆ ಮಾರುತ್ತೇನೆ, ಮೂರಕ್ಕೆ.

ಆದರೆ ಆಪರೇಷನ್ನಿನ ಮುಂಜಾನೆಯ ಮಾತು ಬೇರೆ. ಹಸಿರು ಗೌನು ಹಾಕಿಸಿ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ಪಕ್ಕದಲ್ಲಿ ನನ್ನ ಗಂಡ. ಹೋರಿ ಹೋದ ಮೇಲೆ ಅವನು ಬಾಯಿ ಬಿಟ್ಟದ್ದು ಅಲ್ಲೇ.

“ಹೋರಿ ಆಸೇಕ ಐದು ಹಿಡೀಲಿಲ್ಲ ನಾ,” ಅಂದ.

“ಮತ್ಯಾಕ?”

ನೆಲ ನೋಡುತ್ತ ಹೇಳಿದ. ಅವನು ಸಣ್ಣವನಿದ್ದಾಗ ಅವನ ಅಕ್ಕನಿಗೆ ಹೊಟ್ಟೆಯ ಆಪರೇಷನ್ ಆಗಬೇಕಿತ್ತಂತೆ. ಅಪ್ಪ ಎತ್ತು ಮಾರಿ ರೊಕ್ಕ ಕಟ್ಟಿದ್ದ. ಅಕ್ಕ ಒಳಗೆ ಹೋದವಳು ಹೊರಗೆ ಬರಲಿಲ್ಲ. ಮನೆತನದಲ್ಲಿ ಆ ಅಕ್ಕನ ಹೆಸರು ಎತ್ತಿದ್ದನ್ನೇ ನಾನು ಕೇಳಿರಲಿಲ್ಲ. ಅತ್ತೆ ಪುಕ್ಕಟೆ ಪುಕ್ಕಟೆ ಅಂತ ಯಾಕೆ ಬಡಿದುಕೊಂಡರು ಅಂತ ಆಗ ಹೊಳೆಯಿತು.

“ಎತ್ತೂ ಇಲ್ಲ, ಅಕ್ಕನೂ ಇಲ್ಲ. ಖಾಲಿ ಮನ್ಯಾಗ ಖಾಲಿ ಕೊಟಗಿ ನೋಡಕೋತ ಕುಂತಿದ್ವಿ. ನೀನೂ ಹೋಗಿ ಹೋರೀನೂ ಹೋದ್ರ...” ಅಂದ.

“ಅಂದ್ರ ನಾ ಸತ್ರ ನಿಮಗ ಹೋರಿಯರ ಉಳೀಲಿ ಅಂತ?”

ಇಲ್ಲ ಅಂತಾನೆ ಅಂದುಕೊಂಡಿದ್ದೆ. ಯಾವ ಗಂಡನಾದರೂ ಇಲ್ಲ ಅನ್ನುತ್ತಾನೆ. ಅವನು ಮುಂಗೈಯ ಗೆರೆ ಸವರಿಕೊಂಡು, “ಹೂಂ,” ಅಂದ.

ನನಗೆ ಬಿದ್ದ ಏಟುಗಳಲ್ಲಿ ಅದಕ್ಕಿಂತ ಜೋರಾದದ್ದು ಇನ್ನೊಂದಿಲ್ಲ. ಸುಳ್ಳು ಹೇಳಿದ್ದರೆ ಹೊಡೆಯುತ್ತಿದ್ದೆ. ಈ ನಿಜಕ್ಕೆ ಏನು ಮಾಡಬೇಕು ಅಂತ ತಿಳಿಯದೆ ನನಗೆ ನಗು ಬಂತು. ನಕ್ಕರೆ ಹೊಟ್ಟೆಯಲ್ಲಿ ಎಲ್ಲ ಜಗ್ಗಿ ಜೀವ ಹೋಗುವಂತಾಗುತ್ತಿತ್ತು, ಆದರೂ ಬೆಂಚು ಹಿಡಿದುಕೊಂಡು ನಕ್ಕೆ. ಅವನು ಅಳುತ್ತಿದ್ದ. ನರ್ಸ್ ಬಾಗಿಲು ತೆರೆದು ನನ್ನನ್ನು ಕರೆದಳು. ಮಂಗಳಸೂತ್ರ ಬಿಚ್ಚಿ ಅವನ ಕೈಗೆ ಕೊಟ್ಟು, “ಬಿಗಿಯಾಗಿ ಹಿಡಕೋರಿ, ಇದನ್ನ ಮಾರಬ್ಯಾಡ್ರಿ,” ಅಂದು ಎದ್ದು ಒಳಗೆ ಹೋದೆ.